ಅರ್ಧ ಗೇಣಿನ ಅಂತರ

ಚೀನಾ ದೇಶದ ಹಾಂಗ್‌ಝೌ ನಗರ. 2023ನೆಯ ಇಸವಿ ಅಕ್ಟೋಬರ್ 2ನೆಯ ತಾರೀಖು, ಸೋಮವಾರ. ಅಲ್ಲಿನ ಚಿಯೆನ್‌ಟಾಂಗ್ ರೋಲರ್ ಕ್ರೀಡಾ ಕೇಂದ್ರದಲ್ಲಿ ಹತ್ತೊಂಬತ್ತನೆಯ ಏಷ್ಯನ್ ಕ್ರೀಡಾಕೂಟದ ಪುರುಷರ 3000 ಮೀಟರು ರಿಲೇ ಸ್ಪರ್ಧೆ ಕೊನೆಯ ಸುತ್ತನ್ನು ಮುಟ್ಟಿತ್ತು. ಗಾಲಿಗಳ ಮೊರೆತ ಪ್ರೇಕ್ಷಕರ ಕೂಗಿನೊಡನೆ ಬೆರೆತು ಕ್ರೀಡಾಂಗಣವೆಲ್ಲ ಗುಂಯ್‌ಗುಡುತ್ತಿತ್ತು. ಎಲ್ಲರಿಗಿಂತ ಮುಂದೆ ದಕ್ಷಿಣ ಕೊರಿಯದ ಜಂಗ್ ಚೋಲ್-ವನ್. ಅವನ ಬೆನ್ನಿಗೆ ನೆರಳಿನಂತೆ ಅಂಟಿಕೊಂಡು ಬರುತ್ತಿದ್ದವನು ಚೈನೀಸ್ ತೈಪೆ ಎಂಬ ಹೆಸರಿನಲ್ಲಿ ಸ್ಪರ್ಧಿಸುವ ತೈವಾನಿನ ಹುವಾಂಗ್ ಯೂ-ಲಿನ್.

ಕೊನೆಯ ತಿರುವು ಮುಗಿಯಿತು. ಗೆರೆ ಕಣ್ಣೆದುರಿಗೇ ಇತ್ತು. ಇನ್ನು ಕೆಲವೇ ಮಾರುಗಳು. ಜಂಗ್‌ಗೆ ತನ್ನ ಮುಂದೆ ಯಾರೂ ಕಾಣಿಸಲಿಲ್ಲ. ಚಿನ್ನದ ಪದಕ ಕೈಸೇರಿತೆಂದೇ ಆತ ಭಾವಿಸಿದ. ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ. ಎರಡೂ ಕೈಗಳನ್ನು ಆಕಾಶದತ್ತ ಎತ್ತಿದ. ಮುಖದಲ್ಲಿ ವಿಜಯದ ನಗೆ ಅರಳಿತು.

ಆ ನಿಮಿಷದಲ್ಲಿಯೇ, ಅವನ ಪಕ್ಕದಲ್ಲಿ, ನೆಲಕ್ಕೆ ಸಮೀಪವಾಗಿ ಬಾಗಿದ್ದ ಹುವಾಂಗ್ ತನ್ನ ಕಾಲನ್ನು ಸಾಧ್ಯವಿದ್ದಷ್ಟೂ ಮುಂದಕ್ಕೆ ಚಾಚಿದ. ಇಬ್ಬರೂ ಗೆರೆ ದಾಟಿದರು.

ಕೊರಿಯದ ಯುವಕರು ತಮ್ಮ ದೇಶದ ಧ್ವಜವನ್ನು ಹಿಡಿದು ಸಂಭ್ರಮಿಸತೊಡಗಿದರು. ಅಷ್ಟರಲ್ಲಿ ಫಲಿತಾಂಶದ ಹಲಗೆ ಬೆಳಗಿತು. ಚೈನೀಸ್ ತೈಪೆ: 4 ನಿಮಿಷ 5.692 ಸೆಕೆಂಡು. ದಕ್ಷಿಣ ಕೊರಿಯ: 4 ನಿಮಿಷ 5.702 ಸೆಕೆಂಡು. ಇವೆರಡರ ನಡುವಣ ಅಂತರ ಸೆಕೆಂಡಿನ ನೂರರಲ್ಲಿ ಒಂದು ಪಾಲು. ಧ್ವಜ ಹಿಡಿದ ಕೈಗಳು ಹಾಗೆಯೇ ನಿಂತವು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ಇಷ್ಟು ನಿಷ್ಠುರವಾದ ನಿದರ್ಶನ ಕ್ರೀಡಾ ಚರಿತ್ರೆಯಲ್ಲಿ ಅಪರೂಪ. ಆದರೆ ಅಂದು ಜಂಗ್ ಕಳೆದುಕೊಂಡದ್ದು ಪದಕವೊಂದನ್ನೇ ಅಲ್ಲ. ಅವನ ಜೊತೆಗಾರನೊಬ್ಬನ ಬಾಳಿನ ಒಂದೂವರೆ ವರ್ಷವೂ ಆ ನೂರರ ಒಂದು ಪಾಲಿನಲ್ಲಿ ಅಡಗಿತ್ತು.

ಕನ್ನಡಿ ಒಡೆದ ಗಾಲಿಗಳು

ಗಾಲಿಯ ಪಾದರಕ್ಷೆಯನ್ನು ತೊಟ್ಟು ಜಾರುವ ಆಟ ಹೊಸದೇನಲ್ಲ. ಇಂದಿನ ಬೆಲ್ಜಿಯಂ ಪ್ರಾಂತದಲ್ಲಿ ಹುಟ್ಟಿ, 1760ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿ ಇಂಥ ಗಾಲಿಗಳನ್ನು ತೊಟ್ಟು ಅಲ್ಲಿನ ಶ್ರೀಮಂತರ ಔತಣಕೂಟವೊಂದಕ್ಕೆ ಪಿಟೀಲು ಬಾರಿಸುತ್ತ ಜಾರಿಕೊಂಡು ಬಂದನಂತೆ. ಸಭೆ ಬೆರಗಾಯಿತು. ಆದರೆ ನಿಲ್ಲುವ ಉಪಾಯ ಅವನಿಗೆ ತಿಳಿದಿರಲಿಲ್ಲ. ಐನೂರು ಪೌಂಡಿಗೂ ಮೇಲ್ಪಟ್ಟು ಬೆಲೆಬಾಳುವ ನಿಲುಗನ್ನಡಿಯೊಂದಕ್ಕೆ ಢಿಕ್ಕಿ ಹೊಡೆದು, ಕನ್ನಡಿಯನ್ನೂ ಪಿಟೀಲನ್ನೂ ಒಡೆದು, ತಾನೂ ಗಾಯಗೊಂಡನೆಂದು ಹಳೆಯ ವೃತ್ತಾಂತ ಹೇಳುತ್ತದೆ.

1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಮುಂದೆ ಎರಡು, ಹಿಂದೆ ಎರಡು ಗಾಲಿಗಳುಳ್ಳ ಸ್ಕೇಟನ್ನು ರೂಪಿಸಿದ. ಮೈಯನ್ನು ಯಾವ ಕಡೆಗೆ ವಾಲಿಸಿದರೆ ಆ ಕಡೆಗೆ ತಿರುಗುವ ಗುಣ ಅದಕ್ಕಿತ್ತು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದರದೇ ಆಳ್ವಿಕೆ. 1980ರ ಸುಮಾರಿಗೆ ಮಿನ್ನೆಸೋಟ ರಾಜ್ಯದ ಸ್ಕಾಟ್ ಓಲ್ಸನ್, ಬ್ರೆನನ್ ಓಲ್ಸನ್ ಎಂಬ ಸೋದರರು ಗಾಲಿಗಳನ್ನು ಮತ್ತೆ ಒಂದೇ ಸಾಲಿನಲ್ಲಿ ಜೋಡಿಸಿದರು. ಅವರಿಬ್ಬರೂ ಮಂಜಿನ ಮೇಲೆ ಹಾಕಿ ಆಡುವವರು. ಬೇಸಗೆಯಲ್ಲಿ ಮಂಜು ಕರಗಿದಾಗ ಅಭ್ಯಾಸ ತಪ್ಪಬಾರದೆಂಬುದೇ ಅವರ ಉದ್ದೇಶ. ಇನ್‌ಲೈನ್ ಸ್ಕೇಟು ಜಗತ್ತಿಗೆಲ್ಲ ಹರಡಿದ್ದು ಅಲ್ಲಿಂದ ಮುಂದೆ.

ಪಂದ್ಯಕ್ಕಾಗಿ ತೊಡುವ ಇನ್‌ಲೈನ್ ಸ್ಕೇಟು ಮಕ್ಕಳು ಬೀದಿಯಲ್ಲಿ ತೊಡುವಂಥದಲ್ಲ. ಬೂಟು ಅಚ್ಚಿನಲ್ಲಿ ಎರಕ ಹೊಯ್ದಂತೆ ಪಾದಕ್ಕೆ ಅಂಟಿಕೊಂಡಿರುತ್ತದೆ. ಕಣಕಾಲಿನ ಕೆಳಗೇ ಮುಗಿಯುತ್ತದೆ. ಕೆಳಗೆ ಒಂದೇ ಸಾಲಿನಲ್ಲಿ ಮೂರು ಅಥವಾ ನಾಲ್ಕು ಗಾಲಿಗಳು. ಗಾಲಿಯ ಅಡ್ಡಳತೆ ಹೆಚ್ಚೆಂದರೆ 125 ಮಿಲಿಮೀಟರು. ಬ್ರೇಕು ಎಂಬುದೇ ಇಲ್ಲ. ಎರಡು ಶತಮಾನಗಳ ಹಿಂದೆ ಮರ್ಲಿನ್ನನ ಗಾಲಿಗಳಿಗಿದ್ದ ಕೊರತೆಯನ್ನು ಇಂದಿನ ವೇಗದ ಸ್ಪರ್ಧಿಗಳು ಬೇಕೆಂದೇ ಇರಿಸಿಕೊಂಡಿದ್ದಾರೆ!

ಸ್ಕೇಟಿನ ಮೇಲೆ ಓಡುವವನು ಕಾಲನ್ನು ಹಿಂದಕ್ಕೆ ಒದೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತಾನೆ. ಮೊಣಕಾಲು ಆಳವಾಗಿ ಮಡಿಸಿ, ಬೆನ್ನನ್ನು ನೆಲಕ್ಕೆ ಸಮನಾಗಿ ಬಾಗಿಸಿ, ಗಾಳಿಯನ್ನು ಸೀಳಿಕೊಂಡು ಹೋಗಬೇಕು. ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುತ್ತ ಸಾಗಬೇಕು. ಬಾಣಲೆಯ ಅಂಚಿನಂತೆ ಮೇಲಕ್ಕೇರಿರುವ ತಿರುವುಗಳು ವೇಗ ಕುಂದದಂತೆ ಆಸರೆ ಕೊಡುತ್ತವೆ. ತೊಡೆಗಳು ಕೆಂಡವಾಗುತ್ತವೆ, ಬೆನ್ನು ಸೆಟೆಯುತ್ತದೆ. ಆದರೆ ಎದ್ದು ನಿಂತರೆ ಗಾಳಿ ಎದೆಗೆ ಬಡಿದು ತಡೆಯುತ್ತದೆ. ಆದುದರಿಂದ ಗೆರೆ ದಾಟುವವರೆಗೆ ಬಾಗಿಯೇ ಇರುವುದು ಈ ಕ್ರೀಡೆಯ ಮೊದಲ ಪಾಠ. ಅಂದು ಜಂಗ್ ಮರೆತದ್ದು ಆ ಮೊದಲ ಪಾಠವನ್ನೇ.

ಹದಿನೈದು ಸುತ್ತುಗಳು

ಮೂರು ಸಾವಿರ ಮೀಟರು ಎಂದರೆ ಇನ್ನೂರು ಮೀಟರಿನ ಪಥದಲ್ಲಿ ಹದಿನೈದು ಸುತ್ತು. ರಿಲೇಯಲ್ಲಿ ಒಂದು ತಂಡದ ಮೂವರು ಸರದಿಯ ಮೇಲೆ ಓಡುತ್ತಾರೆ. ಅಥ್ಲೆಟಿಕ್ಸ್ ಓಟಗಾರರಂತೆ ಇಲ್ಲಿ ಕೋಲನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲ. ಓಡಿ ಬಂದವನು ಮುಂದೆ ಹೊರಡುವವನ ಸೊಂಟಕ್ಕೆ ಕೈಕೊಟ್ಟು ಬಲವಾಗಿ ನೂಕುತ್ತಾನೆ. ತನ್ನ ವೇಗವನ್ನೆಲ್ಲ ಧಾರೆಯೆರೆದಂತೆ ಜೊತೆಗಾರನಿಗೆ ಕೊಟ್ಟು ತಾನು ಹಿಂದೆ ಉಳಿಯುತ್ತಾನೆ. ಒಂದೇ ಸ್ಪರ್ಧೆಯಲ್ಲಿ ಹೀಗೆ ಕೊಡುವುದೂ ಪಡೆಯುವುದೂ ಮತ್ತೆ ಮತ್ತೆ ನಡೆಯುತ್ತದೆ. ಆದ್ದರಿಂದ ಕೊನೆಯಲ್ಲಿ ಗೆರೆ ದಾಟುವವನ ಕಾಲುಗಳಲ್ಲಿ ಇರುವ ವೇಗ ಅವನೊಬ್ಬನದಲ್ಲ, ಮೂವರದು.

ಆ ದಿನ ಗೆದ್ದ ತಂಡದ ವೇಗವನ್ನು ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 44 ಕಿಲೋಮೀಟರಿನಷ್ಟಾಗುತ್ತದೆ. ಸೆಕೆಂಡಿಗೆ ಸುಮಾರು ಹನ್ನೆರಡು ಮೀಟರು. ಹಾಗಾದರೆ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಸಾಗುವ ದೂರವೆಷ್ಟು? ಹನ್ನೆರಡು ಸೆಂಟಿಮೀಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಅರ್ಧ ಗೇಣು.

ಓಟದ ಪಂದ್ಯದಲ್ಲಿ ಗೆಲುವನ್ನು ನಿರ್ಣಯಿಸುವುದು ಓಟಗಾರನ ಮುಂಡ. ಎದೆ ಗೆರೆಯನ್ನು ಮುಟ್ಟಬೇಕು. ಸ್ಕೇಟಿಂಗಿನಲ್ಲಿ ಹಾಗಲ್ಲ; ಮುಂದಿರುವ ಸ್ಕೇಟಿನ ಮೊದಲ ಗಾಲಿಯ ತುದಿಯೇ ಇಲ್ಲಿ ಪ್ರಮಾಣ. ಎದೆ, ತಲೆ, ಕೈ, ಯಾವುದು ಎಷ್ಟೇ ಮುಂದಿರಲಿ, ಅವು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದಲೇ ಅನುಭವಿಗಳು ಕೊನೆಯ ಹೆಜ್ಜೆಯಲ್ಲಿ ಒಂದು ಕಾಲನ್ನು ಮುಂದಕ್ಕೆ ಚಾಚುತ್ತಾರೆ. ಮುಂದೆ ಯಾರೂ ಇಲ್ಲದಿದ್ದರೂ ಚಾಚುತ್ತಾರೆ. ಅದು ಊಟದ ನಂತರ ಕೈತೊಳೆಯುವಷ್ಟು ಸಹಜವಾದ ಅಭ್ಯಾಸವಾಗಿರಬೇಕು. ಜಂಗ್ ಕೈಯೆತ್ತಿದಾಗ ಅವನ ಕಾಲುಗಳು ಮೈಯ ಕೆಳಗೇ ಉಳಿದವು. ಹುವಾಂಗ್‌ನ ಕಾಲು ಅರ್ಧ ಗೇಣು ಮುಂದೆ ಹೋಗಿತ್ತು.

ಹಿಂದಿನ ದಿನದ ಕಥೆ

ಈ ಘಟನೆಯನ್ನು ಕಂಡವರಲ್ಲಿ ಎಷ್ಟೋ ಮಂದಿ ಜಂಗ್‌ನನ್ನು ಗರ್ವಿಷ್ಠನೆಂದೇ ತಿಳಿದರು. ಹಿಂದಿನ ದಿನ ಅದೇ ಪಥದ ಮೇಲೆ ನಡೆದದ್ದನ್ನು ಅರಿತವರಿಗೆ ಮಾತ್ರ ಅವನ ಸಂಭ್ರಮದ ಇನ್ನೊಂದು ಮುಖವೂ ಕಂಡೀತು.

ಅಕ್ಟೋಬರ್ 1ರಂದು 1000 ಮೀಟರು ಸ್ಪರ್ಧೆ ನಡೆಯಿತು. ಅದರಲ್ಲಿ ಮೊದಲಿಗನಾದವನು ಕೊರಿಯದವನೇ ಆದ ಚೋಯ್ ಗ್ವಾಂಗ್-ಹೋ. ಕಾಲ 1 ನಿಮಿಷ 29.497 ಸೆಕೆಂಡು. ಎರಡನೆಯವನು ಜಂಗ್ ಚೋಲ್-ವನ್. ಕಾಲ 1 ನಿಮಿಷ 29.499 ಸೆಕೆಂಡು. ನಡುವೆ ಇದ್ದದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. ದೂರದಲ್ಲಿ ಸುಮಾರು ಎರಡು ಸೆಂಟಿಮೀಟರು. ಒಂದು ಬೆರಳಿನ ಅಗಲವೆನ್ನಬಹುದು. ಬೆರಳಗಲದಿಂದ ಚಿನ್ನ ತಪ್ಪಿಹೋದವನು ಮರುದಿನ ಚಿನ್ನ ಕೈಗೆ ಬಂದಿತೆಂದು ಕಂಡಾಗ ಕೈಯೆತ್ತದೆ ಇರಬೇಕಾದರೆ ಅದೆಷ್ಟು ಸಂಯಮ ಬೇಕು!

ಅವನ ಪಾಲಿಗೆ ಚಿನ್ನವೆಂದರೆ ಕೊರಳಿಗೆ ಬೀಳುವ ಹಾರ ಮಾತ್ರವಾಗಿರಲಿಲ್ಲ. ದಕ್ಷಿಣ ಕೊರಿಯದಲ್ಲಿ ಆರೋಗ್ಯವಂತರಾದ ತರುಣರೆಲ್ಲರೂ ಕಡ್ಡಾಯವಾಗಿ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕು. ಭೂಸೇನೆಯಲ್ಲಿ ಆ ಅವಧಿ 18 ತಿಂಗಳು. ಶರೀರಬಲವೇ ಬಂಡವಾಳವಾಗಿರುವ ಕ್ರೀಡಾಪಟುವಿಗೆ ಇಪ್ಪತ್ತರ ಹರೆಯದಲ್ಲಿ ಒಂದೂವರೆ ವರ್ಷ ಎಂದರೆ ಎಷ್ಟು ದೊಡ್ಡ ಹೊತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಕಾನೂನಿನಲ್ಲಿ ಒಂದು ಕಿಂಡಿಯುಂಟು. ಒಲಿಂಪಿಕ್ಸಿನಲ್ಲಿ ಯಾವುದಾದರೊಂದು ಪದಕ, ಇಲ್ಲವೆ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗಳಿಸಿದವರಿಗೆ ಮೂರು ವಾರಗಳ ಮೂಲ ತರಬೇತಿ ಮತ್ತು 544 ಗಂಟೆಗಳ ಸಮಾಜಸೇವೆ ಸಾಕು. ಬೆಳ್ಳಿ ಗೆದ್ದವನಿಗೆ ಈ ವಿನಾಯಿತಿ ಇಲ್ಲ. 2018ರ ಜಕಾರ್ತ ಕೂಟದಲ್ಲಿ ಚಿನ್ನ ಗೆದ್ದ ಕಾಲ್ಚೆಂಡು ತಂಡದಲ್ಲಿದ್ದ ಜಗದ್ವಿಖ್ಯಾತ ಆಟಗಾರ ಸನ್ ಹ್ಯುಂಗ್-ಮಿನ್ ಈ ಕಿಂಡಿಯಿಂದಲೇ ಪಾರಾದವನು.

ರಿಲೇ ತಂಡದಲ್ಲಿ ಜಂಗ್‌ನ ಜೊತೆಗಿದ್ದವರು ಚೋಯ್ ಗ್ವಾಂಗ್-ಹೋ ಮತ್ತು ಚೋಯ್ ಇನ್-ಹೋ. ಗ್ವಾಂಗ್-ಹೋ ಹಿಂದಿನ ದಿನದ ಚಿನ್ನದಿಂದ ವಿನಾಯಿತಿ ಗಳಿಸಿದ್ದ. ಉಳಿದ ಇಬ್ಬರ ಪಾಲಿಗೆ ಈ ಸ್ಪರ್ಧೆಯೇ ಬಾಗಿಲು. ಅದು ಅರ್ಧ ಗೇಣಿನಷ್ಟು ತೆರೆದು ಮತ್ತೆ ಮುಚ್ಚಿಕೊಂಡಿತು. ಜಂಗ್ ಎರಡು ದಿನಗಳಲ್ಲಿ ಎರಡು ಬಾರಿ ಆ ಬಾಗಿಲಿನ ಮುಂದೆ ನಿಂತು ಹಿಂದಿರುಗಿದ. ಎರಡೂ ಸ್ಪರ್ಧೆಗಳಲ್ಲಿ ಅವನು ಹಿಂದೆ ಬಿದ್ದ ಕಾಲವನ್ನು ಕೂಡಿಸಿದರೆ ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಪಾಲು. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೆ ಅದರ ಎಷ್ಟೋ ಪಟ್ಟು ಹೊತ್ತು ಬೇಕು.

ಗೆರೆಯ ಈಚೆ, ಗೆರೆಯ ಆಚೆ

ಹುವಾಂಗ್‌ನ ಮನಸ್ಸಿನಲ್ಲಿ ಆಗ ಏನಿತ್ತು? ಸ್ಪರ್ಧೆಯ ನಂತರ ಆತ ಪತ್ರಿಕೆಯವರಿಗೆ ಹೇಳಿದ ಮಾತು ಸ್ವಾರಸ್ಯವಾಗಿದೆ. ಕೊನೆಯವರೆಗೂ ಒತ್ತಡವನ್ನು ಸಡಿಲಿಸಬಾರದೆಂದು ಅವನ ತರಬೇತುದಾರರು ಎಚ್ಚರಿಸಿದ್ದರು. ಎದುರಾಳಿ ಸಂಭ್ರಮಿಸುವುದನ್ನು ಆತ ಕಣ್ಣಾರೆ ಕಂಡ. ಅವರು ಹಬ್ಬ ಮಾಡುತ್ತಿದ್ದಾಗ ತಾನಿನ್ನೂ ಹೋರಾಡುತ್ತಿದ್ದೆನೆಂದು ಅವರಿಗೆ ತಿಳಿಸಬೇಕೆನಿಸಿತೆಂದು ಆತ ನುಡಿದ. ಹಾಗೆಂದು ಗೆಲುವಿನ ಖಾತರಿ ಅವನಿಗೂ ಇರಲಿಲ್ಲ. ತುಸುವಿನಲ್ಲಿ ತಪ್ಪಿತಲ್ಲ ಎಂದು ಕೊರಗುತ್ತಲೇ ಆತ ಗೆರೆ ದಾಟಿದ್ದ. ಹಲಗೆಯ ಮೇಲೆ ತನ್ನ ತಂಡದ ಹೆಸರು ಮೊದಲು ಬಂದಾಗ ಅದೊಂದು ಪವಾಡದಂತೆ ಅವನಿಗೆ ತೋರಿತು.

ಅಂದರೆ ಗೆರೆ ದಾಟಿದ ಇಬ್ಬರಲ್ಲಿ ಗೆದ್ದೆನೆಂದು ನಂಬಿದವನು ಸೋತಿದ್ದ. ಸೋತೆನೆಂದು ನಂಬಿದವನು ಗೆದ್ದಿದ್ದ. ಆದರೆ ಸೋತೆನೆಂದು ನಂಬಿದವನು ಆ ನಂಬಿಕೆಯಿಂದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇಬ್ಬರ ನಡುವಣ ವ್ಯತ್ಯಾಸವೆಲ್ಲ ಅಲ್ಲಿಯೇ ಇದೆ.

ಜಂಗ್ ತನ್ನ ತಪ್ಪನ್ನು ಮರೆಮಾಚಲಿಲ್ಲ. ಕೊನೆಯವರೆಗೂ ಪೂರ್ಣ ವೇಗದಲ್ಲಿ ಸಾಗದೆ ದೊಡ್ಡ ತಪ್ಪು ಮಾಡಿದೆನೆಂದು ಒಪ್ಪಿಕೊಂಡ. ಜೊತೆಗಾರರನ್ನೂ, ಬೆಂಬಲಿಸಲು ಬಂದಿದ್ದ ಜನರನ್ನೂ ಕ್ಷಮೆ ಬೇಡಿದ. ಕೆಲವು ದಿನಗಳಲ್ಲಿ ಕೈಬರಹದ ಕ್ಷಮಾಪಣೆಯ ಪತ್ರವೊಂದನ್ನೂ ಪ್ರಕಟಿಸಿದ. ತನ್ನ ಸೋಲಿಗಾಗಿ ಅಳುವುದು ಸುಲಭ. ತನ್ನಿಂದ ಮತ್ತೊಬ್ಬನಿಗಾದ ನಷ್ಟವನ್ನು ಲೋಕದೆದುರಿಗೆ ಹೆಸರಿಟ್ಟು ಹೇಳುವುದು ಕಷ್ಟ. ಇಪ್ಪತ್ತೇಳು ವರ್ಷದ ಆ ಯುವಕ ಎರಡನೆಯದನ್ನು ಮಾಡಿದ.

ನಮ್ಮ ದೇಶದವರಿಗೆ ಈ ನೂರರ ಒಂದು ಪಾಲಿನ ನೋವು ಅಪರಿಚಿತವಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರು ಹರ್ಡಲ್ಸ್ ಓಟದಲ್ಲಿ ಪಿ. ಟಿ. ಉಷಾ ಅವರ ಕಾಲ 55.42 ಸೆಕೆಂಡು. ಮೂರನೆಯವಳಾದ ರುಮೇನಿಯದ ಕ್ರಿಸ್ಟಿಯಾನ ಕೊಜೊಕಾರುವಿನ ಕಾಲ 55.41. ಗೆರೆಯ ಬಳಿ ಎದೆಯನ್ನು ಮುಂದಕ್ಕೆ ಚಾಚಿದ್ದರೆ ಆ ಕಂಚು ಉಷಾ ಅವರದಾಗುತ್ತಿತ್ತೆಂದು ಆಮೇಲೆ ಎಷ್ಟೋ ವರ್ಷ ಜನ ಆಡಿಕೊಂಡರು. ಅದಕ್ಕೂ ಮೊದಲು, 1960ರ ರೋಮ್ ಒಲಿಂಪಿಕ್ಸಿನ 400 ಮೀಟರು ಓಟದಲ್ಲಿ, ಮಿಲ್ಖಾ ಸಿಂಗ್ ನಾಲ್ಕನೆಯವರಾಗಿ ಉಳಿದರು. ನಡುದಾರಿಯಲ್ಲಿ ವೇಗವನ್ನು ತುಸು ತಗ್ಗಿಸಿದ್ದೇ ತನಗೆ ಮುಳುವಾಯಿತೆಂದು ಅವರು ಕೊನೆಯವರೆಗೂ ಹಳಹಳಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಮಾತು ಇವರೆಲ್ಲರ ಪಾಲಿಗೆ ಬರಿಯ ಗಾದೆಯಲ್ಲ, ಅನುಭವ.

ಮೂರನೆಯ ಮೆಟ್ಟಿಲಿನವರು

ಹಾಂಗ್‌ಝೌನ ಆ ಸ್ಪರ್ಧೆಯಲ್ಲಿ ಎಲ್ಲರ ಕಣ್ಣೂ ಮೊದಲಿಬ್ಬರ ಮೇಲಿದ್ದಾಗ ಅವರ ಹಿಂದೆ ಗೆರೆ ದಾಟಿದ ತಂಡವೊಂದಿತ್ತು. ಅದು ಭಾರತದ್ದು. ಆರ್ಯನ್‌ಪಾಲ್ ಸಿಂಗ್ ಘುಮನ್, ಆನಂದ್‌ಕುಮಾರ್ ವೇಲ್‌ಕುಮಾರ್, ಸಿದ್ಧಾಂತ್ ಕಾಂಬ್ಳೆ, ವಿಕ್ರಮ್ ಇಂಗಳೆ ಈ ನಾಲ್ವರ ತಂಡಕ್ಕೆ 4 ನಿಮಿಷ 10.128 ಸೆಕೆಂಡುಗಳಲ್ಲಿ ಕಂಚಿನ ಪದಕ ದೊರೆಯಿತು. ಅದೇ ದಿನ ಮಹಿಳೆಯರ ರಿಲೇಯಲ್ಲಿ ಸಂಜನಾ ಬತುಲ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿ ರಾಜ್ ಅವರ ತಂಡವೂ 4 ನಿಮಿಷ 34.861 ಸೆಕೆಂಡುಗಳಲ್ಲಿ ಕಂಚು ಗಳಿಸಿತು. ಅಂದು ಗಾಂಧಿ ಜಯಂತಿ. ರಜೆಯ ದಿನ ಮನೆಯಲ್ಲಿ ಕುಳಿತು ದೂರದರ್ಶನ ನೋಡುತ್ತಿದ್ದವರಲ್ಲಿ ಅನೇಕರಿಗೆ ಇಂಥದೊಂದು ಸ್ಪರ್ಧೆಯುಂಟೆಂಬುದೇ ಆಗ ತಿಳಿದಿರಬೇಕು.

ಏಷ್ಯನ್ ಕೂಟಕ್ಕೆ ಗಾಲಿಯ ಕ್ರೀಡೆಗಳು ಮೊದಲು ಬಂದದ್ದು 2010ರಲ್ಲಿ, ಗ್ವಾಂಗ್‌ಝೌ ನಗರದಲ್ಲಿ. ಆಗ ಅನೂಪ್ ಕುಮಾರ್ ಯಮಾ ಏಕಾಂಗಿಯಾಗಿ ಒಂದು, ಅವನಿ ಪಾಂಚಾಲ್ ಜೊತೆಗೂಡಿ ಮತ್ತೊಂದು, ಹೀಗೆ ಎರಡು ಕಂಚು ತಂದಿದ್ದ. ಅವೆರಡೂ ನರ್ತನದಂತೆ ಅಂಗವಿನ್ಯಾಸ ತೋರುವ ಕಲಾತ್ಮಕ ವಿಭಾಗದವು. ವೇಗದ ವಿಭಾಗದಲ್ಲಿ ಭಾರತದ ಹೆಸರು ಕೇಳಿಬಂದದ್ದು ಹಾಂಗ್‌ಝೌನಲ್ಲಿಯೇ. ತಿರುವುಗಳು ವಾಲಿರುವ ಇನ್ನೂರು ಮೀಟರಿನ ಪಥಗಳು ನಮ್ಮ ದೇಶದಲ್ಲಿ ಬಹು ವಿರಳ. ಉದ್ಯಾನದ ಸಿಮೆಂಟು ನೆಲದ ಮೇಲೂ, ನಸುಕಿನಲ್ಲಿ ವಾಹನ ಸಂಚಾರ ಮೊದಲಾಗುವ ಮುನ್ನ ಡಾಂಬರು ರಸ್ತೆಯ ಮೇಲೂ ಅಭ್ಯಾಸ ಮಾಡಿ ಬೆಳೆಯುವ ಮಕ್ಕಳೇ ಇಲ್ಲಿ ಹೆಚ್ಚು. ಕೊರಿಯ ತಂಡಕ್ಕೂ ಭಾರತಕ್ಕೂ ಇದ್ದ ನಾಲ್ಕೂವರೆ ಸೆಕೆಂಡಿನಷ್ಟು ಅಂತರ ಪಥದ ಮೇಲೆ ಕಾಲು ಸುತ್ತಿಗೂ ಮಿಗಿಲು. ಅದನ್ನು ಕಾಲು ಚಾಚಿ ಮುಚ್ಚಲಾಗದು. ವರ್ಷಗಟ್ಟಲೆ ದುಡಿದು ಮುಚ್ಚಬೇಕು.

ಹಾಗೆ ದುಡಿದವನೊಬ್ಬ ಆ ನಾಲ್ವರಲ್ಲಿದ್ದ. ಚೆನ್ನೈ ನಗರದ ಆನಂದ್‌ಕುಮಾರ್ ವೇಲ್‌ಕುಮಾರ್ 2021ರಲ್ಲಿಯೇ ಕೊಲಂಬಿಯದ ಇಬಾಗೆ ನಗರದಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 15 ಕಿಲೋಮೀಟರು ಎಲಿಮಿನೇಷನ್ ಸ್ಪರ್ಧೆಯ ಬೆಳ್ಳಿ ಗೆದ್ದಿದ್ದ. ಹಿಂದೆ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸುತ್ತ ಸಾಗುವ ಸ್ಪರ್ಧೆ ಅದು. ಕಾಲುಗಳಷ್ಟೇ ಅಲ್ಲ, ಕಣ್ಣು ಮತ್ತು ಮನಸ್ಸು ಕೊನೆಯ ಗೆರೆಯವರೆಗೂ ಎಚ್ಚರವಾಗಿರಬೇಕು. ಹಾಂಗ್‌ಝೌನಲ್ಲಿ ತನ್ನ ಮುಂದೆ ನಡೆದ ಆ ಪ್ರಸಂಗಕ್ಕೆ ಆತನೂ ಸಾಕ್ಷಿ.

2025ರ ಆಗಸ್ಟ್ ತಿಂಗಳಲ್ಲಿ ಚೀನಾದ ಚೆಂಗ್ದು ನಗರದಲ್ಲಿ ವಿಶ್ವ ಕ್ರೀಡಾಕೂಟ ನಡೆಯಿತು. ಒಲಿಂಪಿಕ್ಸಿನಲ್ಲಿ ಎಡೆ ದೊರೆಯದ ಎಷ್ಟೋ ಆಟಗಳಿಗೆ ಇದೇ ದೊಡ್ಡ ವೇದಿಕೆ. ಅಲ್ಲಿ 1000 ಮೀಟರು ಸ್ಪರ್ಧೆಯಲ್ಲಿ 1 ನಿಮಿಷ 22.482 ಸೆಕೆಂಡುಗಳಲ್ಲಿ ಆತ ಕಂಚು ಗೆದ್ದ. ಗಾಲಿಯ ಕ್ರೀಡೆಯಲ್ಲಿ ಆ ಕೂಟದಿಂದ ಭಾರತಕ್ಕೆ ಬಂದ ಮೊದಲ ಪದಕ ಅದು. ಮರುತಿಂಗಳು ಚೀನಾದಲ್ಲಿಯೇ, ಬೈದೈಹೆ ಎಂಬಲ್ಲಿ, ವಿಶ್ವ ಚಾಂಪಿಯನ್‌ಷಿಪ್. ಮೊದಲು 500 ಮೀಟರಿನಲ್ಲಿ ಕಂಚು. ಬಳಿಕ 1000 ಮೀಟರಿನಲ್ಲಿ 1 ನಿಮಿಷ 24.924 ಸೆಕೆಂಡುಗಳ ಓಟ, ಚಿನ್ನ! ವೇಗದ ಸ್ಕೇಟಿಂಗಿನಲ್ಲಿ ಭಾರತೀಯನೊಬ್ಬ ವಿಶ್ವವಿಜೇತನಾದದ್ದು ಅದೇ ಮೊದಲು. ಅಷ್ಟಕ್ಕೇ ಮುಗಿಯಲಿಲ್ಲ. ನಲವತ್ತೆರಡು ಕಿಲೋಮೀಟರುಗಳ ಮ್ಯಾರಥಾನಿನಲ್ಲೂ ಅವನೇ ಮೊದಲಿಗನಾದ. ಒಂದೂವರೆ ನಿಮಿಷದೊಳಗೆ ಮುಗಿಯುವ ಓಟವನ್ನೂ, ಅದರ ನಲವತ್ತೆರಡು ಪಟ್ಟು ಉದ್ದದ ಓಟವನ್ನೂ ಒಂದೇ ಕೂಟದಲ್ಲಿ ಗೆಲ್ಲುವುದು ಸಾಮಾನ್ಯವಾದ ಮಾತಲ್ಲ. ಹಾಂಗ್‌ಝೌನಲ್ಲಿ ಯಾರೂ ತಿರುಗಿ ನೋಡದ ಮೂರನೆಯ ಮೆಟ್ಟಿಲಿನಿಂದ ಅಲ್ಲಿಗೆ ಎರಡು ವರ್ಷಗಳ ದಾರಿ.

ಚಕ್ರ ತಿರುಗಿತು

ಇನ್ನು ಹುವಾಂಗ್‌ನ ವಿಷಯ. ಕಥೆಗಾರನೊಬ್ಬ ಇದನ್ನು ಕಲ್ಪಿಸಿ ಬರೆದಿದ್ದರೆ ಇದು ತೀರ ಅತಿಯಾಯಿತೆಂದು ಓದುಗರು ಆಕ್ಷೇಪಿಸುತ್ತಿದ್ದರು. ಆದರೆ ನಡೆದದ್ದು ನಿಜ.

ಹಾಂಗ್‌ಝೌನಿಂದ ಚಿನ್ನದೊಡನೆ ಹಿಂದಿರುಗಿದ ಹುವಾಂಗ್ ಅದೇ ಅಕ್ಟೋಬರ್ ತಿಂಗಳಲ್ಲಿ ತೈವಾನಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 1000 ಮೀಟರು ಸ್ಪರ್ಧೆಗೆ ಇಳಿದ. ಕೊನೆಯ ತಿರುವು ದಾಟಿದಾಗ ಆತನೇ ಮುಂದಿದ್ದ. ಗೆರೆ ಎದುರಿಗಿತ್ತು. ಕೆಲವೇ ದಿನಗಳ ಹಿಂದೆ ಕೈಯೆತ್ತಿದವನ ಗತಿಯನ್ನು ಪಕ್ಕದಲ್ಲೇ ಕಂಡಿದ್ದ, ಕೈಯೆತ್ತದವನ ಭಾಗ್ಯವನ್ನು ತಾನೇ ಉಂಡಿದ್ದ ಅದೇ ಹುವಾಂಗ್ ಅಂದು ಗೆರೆಗೆ ಮುಂಚೆ ಕೈಯೆತ್ತಿದ! ಹಿಂದಿನಿಂದ ಬಂದ ಚಾವೊ ತ್ಸು-ಚೆಂಗ್ ಕಾಲು ಚಾಚಿದ. ಈ ಚಾವೊ ಹಾಂಗ್‌ಝೌಗೆ ಹುವಾಂಗ್‌ನೊಡನೆ ಹೋಗಿದ್ದ ತೈವಾನ್ ತಂಡದವನೇ. ಹುವಾಂಗ್ ಚಿನ್ನವನ್ನು ಕಳೆದುಕೊಂಡ. ಅಂತರ 0.03 ಸೆಕೆಂಡು.

ಲೋಕವೆಲ್ಲ ನಕ್ಕಿತು. ನಗುವುದು ಸುಲಭ. ಆದರೆ ಯೋಚಿಸಿ ನೋಡಿದರೆ ಈ ಎರಡನೆಯ ಪ್ರಸಂಗ ಮೊದಲನೆಯದರ ಮೇಲೆ ಬೇರೊಂದು ಬೆಳಕು ಬೀರುತ್ತದೆ. ಜಂಗ್‌ನದು ಗರ್ವವೆಂದು ತೀರ್ಪು ಕೊಟ್ಟವರು ಹುವಾಂಗ್‌ನಿಗೆ ಏನೆನ್ನುತ್ತಾರೆ? ಪಾಠವನ್ನು ಅವನಷ್ಟು ಹತ್ತಿರದಿಂದ ಕಂಡವರು ಲೋಕದಲ್ಲಿಯೇ ಇರಲಿಲ್ಲ. ಆದರೂ ಆ ಕ್ಷಣದಲ್ಲಿ ಕೈಗಳು ತಾವಾಗಿಯೇ ಮೇಲೆದ್ದವು. ಗೆಲುವಿನ ಸಂತೋಷ ಮನುಷ್ಯನಿಗೆ ಅಪ್ಪಣೆ ಕೇಳಿ ಬರುವುದಿಲ್ಲ. ಅದು ಗೆರೆಗಿಂತ ಮುಂಚೆ ಬಂದರೆ ತಡೆದು ನಿಲ್ಲಿಸುವುದು ಕಾಲುಗಳ ಬಲಕ್ಕಿಂತ ದೊಡ್ಡ ಬಲ. ಇನ್ನೊಬ್ಬನ ತಪ್ಪನ್ನು ನೋಡಿ ಕಲಿಯಬಹುದೆಂದು ಎಲ್ಲರೂ ಹೇಳುತ್ತಾರೆ. ಕಲಿತದ್ದು ಕಾಲಿಗೆ ಇಳಿಯಬೇಕಾದರೆ ಬೇರೆಯೇ ಅಭ್ಯಾಸ ಬೇಕು.

ಹಾಂಗ್‌ಝೌನ ಆ ಓಟದ ಚಿತ್ರವೊಂದು ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಒಬ್ಬನ ಎರಡು ಕೈಗಳು ಮೇಲಿವೆ. ಮತ್ತೊಬ್ಬನ ಒಂದು ಕಾಲು ಮುಂದಿದೆ. ನೋಡುವವರ ಕಣ್ಣು ಮೊದಲು ಹೋಗುವುದು ಮೇಲೆತ್ತಿದ ಕೈಗಳ ಕಡೆಗೆ, ನಗುವ ಮುಖದ ಕಡೆಗೆ. ತೀರ್ಪು ಬರೆದಿರುವುದು ಮಾತ್ರ ಚಿತ್ರದ ತೀರ ಕೆಳಗೆ, ನೆಲಕ್ಕೆ ತಗುಲಿದ ಒಂದು ಗಾಲಿಯ ತುದಿಯಲ್ಲಿ.